ಮೇಲಿನ ಕೋಣೆಯ ಬಾಡಿಗೆ

ಈ ತೂತೊಂದು ಬಗ್ಗುತ್ತಿಲ್ಲ, ಹೆಬ್ಬೆರಳಿನಿಂದ ಒತ್ತಿದಷ್ಟೂ ಒಳಗೆ ಹೋಗುತ್ತಿದೆ, ಗೋಡೆಗೂ ಹಸಿವಾಗುತ್ತದೆಯೇನೋ — ಎಂಥ ಮೊಳೆ ಹೊಡೆದಿದ್ದನೋ ಹಿಂದಿನ ಬಾಡಿಗೆಯ ಪುಣ್ಯಾತ್ಮ, ಒಂದು ಷರಟು ನೇತುಹಾಕಲು ಇಷ್ಟು ದಪ್ಪದ್ದು ಬೇಕಿತ್ತೆ, ಆನೆ ಕಟ್ಟುವವನ ಹಾಗೆ, ಇನ್ನೊಂದು ಚಿಟಿಕೆ ಹಾಕು, ಒತ್ತು, ಉಗುರಿನಿಂದ ಸವರು, ಹಾಂ, ಈಗ ಸುಮ್ಮನಾಯಿತು. ಗೋಂದಕ್ಕ ಸ್ಟೂಲಿನ ಮೇಲೆ ಒಂದು ಕೈ ಗೋಡೆಗೆ ಕೊಟ್ಟು ನಿಂತಿದ್ದಾಳೆ, ಬೋಗುಣಿ ಕಿಟಕಿಯ ಕಟ್ಟೆಯ ಮೇಲೆ, ಬೋಗುಣಿಯಲ್ಲಿ ನೆನೆಸಿ ಕಿವುಚಿದ ಕಾಗದ, ಮೈದಾ ಅಂಟು, ಹುಳ ಹಿಡಿಯದಿರಲೆಂದು ಚೂರು ಮೈಲುತುತ್ತ, ಜೊತೆಗೊಂದು ಹಿಡಿ ಸುಣ್ಣ — ಸುಣ್ಣವೊಂದು ಬಿಟ್ಟರೆ ಬೈಂಡಿಂಗ್ ಅಂಗಡಿಯಲ್ಲಿ ಹುಳ ತಿಂದ ರಟ್ಟಿಗೆ ತುಂಬುತ್ತಿದ್ದದ್ದು ಇದನ್ನೇ, ರಟ್ಟಿಗೆ ಹಿಡಿದದ್ದು ಗೋಡೆಗೆ ಹಿಡಿಯದೇ ಏನು, ಆ ಅಂಗಡಿಯಲ್ಲಿ ಜೀವಮಾನವೆಲ್ಲ ಕೂತು ಬಂದ ಹೆಸರು ಗೋಂದಕ್ಕ, ಬೀದಿಗೆಲ್ಲ ಗೋಂದಕ್ಕ, ಗೋಂದಿಲ್ಲದೆ ಬರೀ ಅಕ್ಕ ಎಂದು ಕರೆಯುವವಳು ಈ ಲೋಕದಲ್ಲಿ ತಂಗಿ ಒಬ್ಬಳೇ, ಅವಳ ಕಾಗದಕ್ಕೇ ಇನ್ನೂ ಉತ್ತರ ಹೋಗಿಲ್ಲ. ಬೋಗುಣಿಯ ಹಿಟ್ಟಿಗೆ ಒಂದು ಥರ ನೀಲಿ ಬಂದಿದೆ, ಮೈಲುತುತ್ತದ ನೀಲಿಯಲ್ಲ, ಶಾಯಿಯದು. ನೆನೆದಿರುವುದು ಅವಳೇ ಬರೆದು ಅವಳೇ ಹರಿದ ಉತ್ತರಗಳು, ರದ್ದಿ ಎಸೆದು ಅಭ್ಯಾಸವಿಲ್ಲದ ಕೈ, ಕೂಡಿಟ್ಟಿತ್ತು. ಬಾಡಿಗೆ ಗೀಡಿಗೆ ಏನೂ ಬೇಡ ಸುಮ್ಮನೆ ಬಾ ಎಂದು ಬರೆದದ್ದು ಬಾಗಿಲ ಪಕ್ಕದ ತೂತಿಗೆ ಹೋಯಿತು, ಎರಡು ಸಾವಿರ ಎಂದದ್ದು ಕಿಟಕಿಯ ಮೇಲಿನದಕ್ಕೆ, ಎಂಟು ಸಾವಿರ ಎಂದು ಬರೆದು ಶಾಯಿ ಆರುವ ಮೊದಲೇ ಹರಿದದ್ದು ಈಗ ಈ ಹೊಟ್ಟೆಬಾಕ ತೂತಿನೊಳಗೆ, ಒಣಗಿದ ಮೇಲೆ ಎಲ್ಲ ಒಂದೇ ಬಿಳುಪು, ಯಾವುದು ಪ್ರೀತಿ ಯಾವುದು ಹಟ ಎಂದು ಗೋಡೆ ಯಾರಿಗೂ ಹೇಳುವುದಿಲ್ಲ.

ಫೋನಿನಲ್ಲಿ ಹೇಳಿ ಮುಗಿಸುವ ಮಾತೇ ಆಗಿತ್ತು, ಆದರೆ ತಂಗಿಗೆ ಕಿವಿ ಹೋಗಿದೆ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಇಡೀ ಊರಿನ ಮಾತು ಕೇಳಿಸಿಕೊಂಡ ಕಿವಿ, ಈಗ ಬಾಗಿಲ ಗಂಟೆಯೂ ಕೇಳಿಸದು, ಊರಿನವರೆಲ್ಲ ಮಾತಾಡಿ ನನ್ನ ಪಾಲಿಂದೂ ಮುಗಿಸಿಬಿಟ್ರು ಕಣೇ ಅಕ್ಕ ಅಂತ ಹಿಂದೊಮ್ಮೆ ನಗುತ್ತ ಬರೆದಿದ್ದಳು. ಈ ಸಲದ ಕಾಗದದಲ್ಲಿ ನಗು ಇರಲಿಲ್ಲ. ಅಕ್ಕ, ನಾನಿರೋ ಕಟ್ಟಡ ಕೆಡವ್ತಾರಂತೆ, ತಿಂಗಳ ಕೊನೆಗೆ ಬಿಡಬೇಕು, ನಿನ್ನ ಮೇಲಿನ ಕೋಣೆ ಖಾಲಿ ಆಗಿದೆ ಅಂತ ಕೇಳ್ದೆ, ಬಾಡಿಗೆ ಎಷ್ಟು ಅಂತ ನೀನೇ ಬರಿ, ಸುಮ್ನೆ ಇರು ಅಂದ್ರೆ ಬರಲ್ಲ, ಬಿಟ್ಟಿ ಇರೋರ ಪಾಡು ನಾನು ನೋಡಿದೀನಿ, ನೀನು ಬರೀದೆ ಇದ್ರೆ ಔಷಧಿ ಅಂಗಡಿ ಹಿಂದೆ ಒಂದು ಕೋಣೆ ಇದೆ, ಅದಕ್ಕೆ ಅಡ್ವಾನ್ಸ್ ಕೊಟ್ಟುಬಿಡ್ತೀನಿ. ನೋಡಿದೀನಿ ಎಂದು ಬರೆದಿದ್ದಾಳೆ, ಎಲ್ಲಿ ನೋಡಿದ್ದು, ಇನ್ನೆಲ್ಲಿ, ತನ್ನ ಮನೆಯಲ್ಲೇ, ಬಿಟ್ಟಿ ಇದ್ದದ್ದು ಯಾರು, ನಾನೇ — ಆ ಒಂದು ಸಾಲು ಇಷ್ಟು ದಿನ ಬರೆದ ಉತ್ತರ ಒಂದನ್ನೂ ಕಳಿಸಲು ಬಿಟ್ಟಿರಲಿಲ್ಲ, ಅಷ್ಟು ವರ್ಷ ಬಾಯಿಬಿಟ್ಟು ಆಡದೆ ಇದ್ದವಳು ಈಗ ಕಾಗದದಲ್ಲಿ ಆಡಿ ತೀರಿಸಿಕೊಂಡಳಲ್ಲ ಎಂದು. ಮೂಲೆಯ ಬೀಗದಣ್ಣನನ್ನು ಕೇಳಿದ್ದಾಯಿತು, ಕೀಲಿ ಮಾಡುವವನು, ಮನೆ ಬಿಡುವವರೂ ಹಿಡಿಯುವವರೂ ಅವನ ಹತ್ತಿರವೇ ಬೀಗಕ್ಕೆ ಬರುವುದರಿಂದ ದಲ್ಲಾಳಿಯೂ ಅವನೇ, ಎಂಟು ಸಾವಿರಕ್ಕೆ ನಾಳೆನೇ ಕೊಡಿಸ್ತೀನಿ ಗೋಂದಕ್ಕ, ಬರೋರು ಯಾರು, ಸ್ವಂತ ತಂಗಿನಾ, ಹಾಗಾದ್ರೆ ಬಿಟ್ಟಿ ಕೊಡಿ ಇಲ್ಲ ಪೂರ್ತಿ ತಗೊಳ್ಳಿ, ಬೀಗ ಅರ್ಧಂಬರ್ಧ ಹಾಕೋಕಾಗುತ್ತಾ — ಕೀಲಿ ಉಜ್ಜುತ್ತಲೇ ಹೇಳಿದ, ತಲೆಯೆತ್ತದೆ, ಅವನಿಗೇನು, ಅವನಿಗೆ ಬಾಗಿಲೆಂದರೆ ಮುಚ್ಚಿದ್ದು ಅಥವಾ ತೆಗೆದದ್ದು.

ಸ್ಟೂಲು ಇಳಿ, ಪಕ್ಕಕ್ಕೆ ಸರಿಸು, ಮೊಣಕಾಲಿಗೆ ನೆನಪಿದೆ ತಾನಿದ್ದೇನೆಂದು, ಇರಲಿ ಬಿಡು. ಗಂಡ ರಸ್ತೆ ಅಪಘಾತದಲ್ಲಿ ತೀರಿಹೋದಾಗ ಒಂದು ಟ್ರಂಕು, ಒಂದು ಕನ್ನಡಿ, ಅಷ್ಟೇ ತಂದದ್ದು ತಂಗಿಯ ಮನೆಗೆ, ಮೂಲೆಯ ಚಿಕ್ಕ ಕೋಣೆ ಕೊಟ್ಟರು, ತಂಗಿಯ ಗಂಡ, ಅವರೂ ಈಗಿಲ್ಲ, ಒಂದು ದಿನವೂ ಮುಖ ಗಂಟಿಕ್ಕಲಿಲ್ಲ, ಬೈದಿದ್ದರೆ ಎದುರು ಮಾತಾಡಬಹುದಿತ್ತು, ಒಳ್ಳೆಯವರ ಮನೆಯಲ್ಲಿ ಅದಕ್ಕೂ ದಾರಿಯಿಲ್ಲ. ಮೊದಲ ಸಂಬಳದ ಲಕೋಟೆ ತಂಗಿಯ ಮೇಜಿನ ಮೇಲಿಟ್ಟಳು, ಸಂಜೆ ಅದು ತನ್ನದೇ ದಿಂಬಿನ ಕೆಳಗೆ ಬಂದು ಮಲಗಿತ್ತು, ಎರಡನೆಯ ಸಲ ಇಡುವ ಧೈರ್ಯವಾಗಲಿಲ್ಲ. ಯಾರೋ ನೆಂಟಳು ಕೇಳಿದಳು, ನಿಮ್ಮಕ್ಕ ಏನಾದ್ರೂ ಕೊಡ್ತಾರಾ, ತಂಗಿ ನಕ್ಕಳು, ಅಕ್ಕನ ಹತ್ರ ಯಾರಾದ್ರೂ ಬಾಡಿಗೆ ತಗೋತಾರಾ, ಪರದೆಯ ಈಚೆ ಇವಳು ಪಾತ್ರೆ ಒರೆಸುತ್ತಿದ್ದಳು, ಸದ್ದಾಗದ ಹಾಗೆ ಒರೆಸುತ್ತಿದ್ದಳು, ಆ ಮನೆಯಲ್ಲಿ ಅವಳು ಕಲಿತದ್ದೆಲ್ಲ ಸದ್ದಿಲ್ಲದ ಕೆಲಸವೇ, ಎಲ್ಲರಿಗಿಂತ ಮೊದಲು ಏಳುವುದು, ಎಲ್ಲರಿಗಿಂತ ಕೊನೆಗೆ ಸ್ನಾನ, ಕೆಮ್ಮು ಬಂದರೆ ಹೊದಿಕೆ ಕಚ್ಚುವುದು, ಅನ್ನ ಬೇಕೇ ಎಂದರೆ ಸಾಕು ಎನ್ನುವುದು, ಬಚ್ಚಲ ನಲ್ಲಿ ತೊಟ್ಟಿಕ್ಕುತ್ತಿದ್ದರೂ ನಲ್ಲಿ ಸೋರುತ್ತಿದೆ ಎನ್ನದೆ ಕೆಳಗೊಂದು ಬಟ್ಟೆ ಇಟ್ಟುಬರುವುದು. ಮತ್ತೆ ಕನ್ನಡಿ. ಗೋಡೆಗೆ ಒಂದು ಮೊಳೆ ಹೊಡೆಯಬೇಕಿತ್ತು, ಒಂದೇ ಒಂದು, ಕೇಳಿದ್ದರೆ ತಂಗಿ ಬೇಡ ಎನ್ನುತ್ತಿರಲಿಲ್ಲ, ತಾನೇ ಸುತ್ತಿಗೆ ತಂದು ಕೊಡುತ್ತಿದ್ದಳೇನೋ, ಕೇಳಲೇ ಇಲ್ಲ, ಬಿಟ್ಟಿ ಇರುವವಳಿಗೆ ಗೋಡೆಯಲ್ಲಿ ತೂತು ಬೇರೆ ಕೇಡು ಎಂದು ತನಗೆ ತಾನೇ ಅಂದುಕೊಂಡು ಕನ್ನಡಿಯನ್ನು ನೆಲದ ಮೇಲೆ ಗೋಡೆಗೆ ಒರಗಿಸಿಟ್ಟಳು, ಎದ್ದು ನಿಂತರೆ ಅದರಲ್ಲಿ ಅವಳ ಪಾದ ಮಾತ್ರ, ಅಪಘಾತದ ಪರಿಹಾರದ ದುಡ್ಡು ಕೊನೆಗೂ ಬಂದು ಈ ಮನೆ ಕೊಳ್ಳುವವರೆಗೆ ಒಂಬತ್ತು ವರ್ಷ ತನ್ನ ಪಾದ ನೋಡಿಕೊಂಡೇ ಕೆಲಸಕ್ಕೆ ಹೋದಳು, ಮುಖ ಬೇಕೆಂದರೆ ನೆಲಕ್ಕೆ ಕೂರಬೇಕು. ಒಂದು ಸಂಜೆ ಹಾಗೇ ಕೂತು ತಲೆ ಬಾಚುತ್ತಿದ್ದಾಗ ಕನ್ನಡಿಯ ಮೂಲೆಯಲ್ಲಿ ಬೇರೆ ಎರಡು ಪಾದ ಬಂದು ನಿಂತವು, ಬಾಗಿಲ ಬಳಿ, ಹೊಸ್ತಿಲಿನಾಚೆ, ಬಲಗಾಲಿನ ಹೆಬ್ಬೆರಳ ಉಗುರು ಕಪ್ಪು, ಎಕ್ಸ್‌ಚೇಂಜಿನಲ್ಲಿ ಕಬ್ಬಿಣದ ಸ್ಟೂಲು ಬಿದ್ದು ಕಪ್ಪಾದದ್ದು. ಪಾದ ಮಾತ್ರ, ಮೇಲಿನದು ಕನ್ನಡಿಗೆ ಸಿಕ್ಕಿರಲಿಲ್ಲ. ಅವು ನಿಂತೇ ಇದ್ದವು. ಇವಳು ಬಾಚುತ್ತಲೇ ಇದ್ದಳು, ಸಿಕ್ಕು ಬಿಟ್ಟ ಮೇಲೂ ಬಾಚುತ್ತಿದ್ದಳು.

ಮೇಲಿನ ಕೋಣೆಗೆ ಬಿಸಿಲು ಬಂದಿದೆ, ತುಂಬಿದ ತೂತುಗಳು ಒದ್ದೆ ಒದ್ದೆಯಾಗಿ ಹೊಳೆಯುತ್ತಿವೆ, ಸಿಡುಬು ಬಂದು ಹೋದ ಮುಖದಂತಿದೆ ಗೋಡೆ. ಎಷ್ಟು ಮೊಳೆ, ಅಬ್ಬಬ್ಬ, ಬಸ್ಸಿನ ಡ್ರೈವರ್ ಮಹಾರಾಯ, ಆರು ಸಾವಿರ ಕೊಡುತ್ತಿದ್ದ, ಒಂದು ಮೊಳೆಗೂ ಕೇಳಲಿಲ್ಲ, ಕೆಳಗೆ ಇವಳು ಊಟಕ್ಕೆ ಕೂತಾಗಲೇ ಮೇಲೆ ಟಕ ಟಕ ಶುರು, ಬೂಟುಗಾಲಲ್ಲೇ ಮೆಟ್ಟಿಲು ಹತ್ತುತ್ತಿದ್ದ, ಬಚ್ಚಲಲ್ಲಿ ಗಂಟಲು ಹರಿಯುವಂತೆ ಹಾಡುತ್ತಿದ್ದ, ಅವನು ಬಂದ ವಾರವೇ ಮೆಟ್ಟಿಲ ಮೇಲಿಂದ ಕೂಗು, ಏನು ಗೋಂದಕ್ಕ, ನಲ್ಲಿ ಸೋರ್ತಿದೆ, ನಿಮಗೆ ಬಾಡಿಗೆ ತಗೊಳ್ಳೋಕ್ಕೆ ನೆನಪಿರುತ್ತೆ, ರಿಪೇರಿಗೆ ಇರಲ್ವಾ — ಇವಳಿಗೆ ಮೈಯೆಲ್ಲ ಉರಿದಿತ್ತು, ಬೈಯುತ್ತಲೇ ಹೋಗಿ ನಲ್ಲಿಯವನನ್ನು ಕರೆತಂದಳು, ಬರುವ ದಾರಿಯಲ್ಲಿ ಯಾಕೋ ನಗುವೂ ಬಂತು, ಆ ನಗು ಯಾಕೆಂದು ಆಗ ತಿಳಿಯಲಿಲ್ಲ. ಕೈಯಲ್ಲಿ ಹಿಟ್ಟು ಹಾಗೇ ಇದೆ, ಇನ್ನೊಂದು ತೂತಿಗೆ ಹೋಗಬೇಕಾದದ್ದು ಹೋಗುತ್ತಿಲ್ಲ. ಆರು ಸಾವಿರಕ್ಕೆ ಅವನು ಕೊಂಡದ್ದು ಕೋಣೆಯನ್ನಲ್ಲ, ಕೋಣೆ ಇಲ್ಲೇ ಬಿದ್ದಿದೆ, ಅವನು ಕೊಂಡದ್ದು ಜೋರಾಗಿ ಹಾಡುವುದನ್ನು, ನಲ್ಲಿ ಸೋರುತ್ತಿದೆ ಎಂದು ಕೂಗುವುದನ್ನು, ಆ ಕೂಗು ತನ್ನ ಬಾಯಲ್ಲಿ ಒಂಬತ್ತು ವರ್ಷ ಇರಲಿಲ್ಲ, ತಂಗಿ ಕಸಿದುಕೊಳ್ಳಲಿಲ್ಲ, ಪ್ರೀತಿಯಿಂದ ದಿಂಬಿನ ಕೆಳಗೆ ಇಟ್ಟುಬಿಟ್ಟಳು. ಹಾಗಾದರೆ ನೋಡಿದೀನಿ ಎಂದದ್ದು — ಅಯ್ಯೋ. ನೋಡಿದ್ದಳು. ನಲ್ಲಿಯ ಕೆಳಗಿನ ಬಟ್ಟೆಯನ್ನು ಬೆಳಗಾದರೆ ಹಿಂಡಿ ಒಣಗಲು ಹಾಕುತ್ತಿದ್ದವರು ಯಾರು, ಅವಳಲ್ಲವೇ, ಪಾದ ಕಾಣುವ ಕನ್ನಡಿಯನ್ನೂ ನೋಡಿದ್ದಳು, ಹೊಸ್ತಿಲಿನಾಚೆ ನಿಂತು, ತನ್ನದೇ ಮನೆಯ ಕೋಣೆಗೆ ಒಳಗೆ ಬರಲು ಅಪ್ಪಣೆ ಬೇಕೆನ್ನುವ ಹಾಗೆ ನಿಂತು. ಅಂದು ಕೈಯಲ್ಲಿ ಏನಿತ್ತು, ಸುತ್ತಿಗೆಯೇ, ಲಕೋಟೆಯೇ, ಬರೀ ಕೈಯೇ, ಕನ್ನಡಿಗೆ ಕೈ ಕಾಣಲಿಲ್ಲ. ಪಾಡು ನೋಡಿದೀನಿ ಎಂದರೆ ಹಂಗಿಸಿದ್ದಲ್ಲ, ಹೆದರಿದ್ದು, ಅದೇ ಪಾಡು ಈ ವಯಸ್ಸಿನಲ್ಲಿ ತನಗೆ ಬರುತ್ತದೆಂದು ಹೆದರಿದ್ದಾಳೆ, ಕಿವಿ ಕೇಳದವಳಿಗೆ ತನ್ನ ಕೆಮ್ಮು ಎಷ್ಟು ಜೋರು ಎಂದೂ ತಿಳಿಯದು, ಹೊದಿಕೆ ಕಚ್ಚಿಕೊಂಡೇ ಮಲಗುತ್ತಾಳೆ ಮುಂಡೇದು, ಇಡೀ ರಾತ್ರಿ.

ಕೈ ತೊಳೆದದ್ದು ಅರ್ಧಂಬರ್ಧ, ಕಾಗದದ ಅಂಚಿಗೆ ಸುಣ್ಣ ಮೆತ್ತಿತು, ಮೆತ್ತಲಿ. ಸ್ಟೂಲೇ ಮೇಜು, ನೆಲವೇ ಕುರ್ಚಿ, ಬರೆದಳು, ಈ ಸಲ ಕೈ ತಡೆಯಲಿಲ್ಲ. ತಂಗಿ, ಬಾಡಿಗೆ ಆರು ಸಾವಿರ, ಹಿಂದಿನವನು ಕೊಡ್ತಿದ್ದಷ್ಟೇ, ತಿಂಗಳ ಮೊದಲ ವಾರದಲ್ಲಿ ಕೊಡಬೇಕು, ತಡ ಆದ್ರೆ ಮೆಟ್ಟಿಲು ಹತ್ತಿ ಬಂದು ಕೇಳ್ತೀನಿ. ನಲ್ಲಿ ಮತ್ತೆ ಸೋರೋಕೆ ಶುರುವಾಗಿದೆ, ಬಂದ ಮೇಲೆ ನೀನು ಜಗಳ ಆಡು, ಆಮೇಲೆ ಮಾಡಿಸ್ತೀನಿ. ಗೋಡೆಯಲ್ಲಿ ಒಂದು ಮೊಳೆ ಬಿಟ್ಟಿದೀನಿ, ಬೇಡ ಅಂದ್ರೆ ಕಿತ್ತು ಬೇರೆ ಕಡೆ ಹೊಡ್ಕೋ, ನನ್ನ ಕೇಳಬೇಡ. ಮೊಳೆ ಇನ್ನೂ ಬಿಟ್ಟಿರಲಿಲ್ಲ, ಎಲ್ಲ ಕಿತ್ತಾಗಿತ್ತು, ಬರೆದ ಮೇಲೆ ಸುಳ್ಳಾಗಬಾರದೆಂದು ಡಬ್ಬಿಯಿಂದ ಒಂದನ್ನು ಆರಿಸಿ ಕಿಟಕಿಯ ಎದುರಿನ ಗೋಡೆಗೆ ಹೊಡೆದಳು, ನಿಂತವರ ಮುಖದ ಎತ್ತರಕ್ಕೆ, ಟಕ್ ಟಕ್ ಎಂದು ಮನೆಯೆಲ್ಲ ಮೊಳಗಿತು, ಕೆಳಗೆ ಊಟಕ್ಕೆ ಕೂತವರು ಯಾರೂ ಇರಲಿಲ್ಲ, ಎಷ್ಟು ತಿಂಗಳಾಗಿತ್ತು ಈ ಮನೆಯಲ್ಲಿ ಒಂದು ಸದ್ದು ಆಗಿ. ಲಕೋಟೆಯ ಬಾಯಿಗೆ ತನ್ನದೇ ಅಂಟು, ಬೆರಳಿನಿಂದ ಎಳೆದು, ಒತ್ತಿ, ಗಾಳಿ ಹೋಗದ ಹಾಗೆ. ಬೀದಿಯಲ್ಲಿ ಬೀಗದಣ್ಣ, ಎಷ್ಟಕ್ಕೆ ಕುದುರಿತು ಗೋಂದಕ್ಕ, ಹಿಂದಿನವನು ಕೊಟ್ಟಷ್ಟಕ್ಕೆ, ಪೂರ್ತಿ, ಎಂದಳು, ಅವನು ತಲೆಯೆತ್ತಿ ನೋಡಿದ, ಸ್ವಂತ ತಂಗಿಗೆ, ಹೌದು, ಸ್ವಂತ ತಂಗಿಗೇ. ಅವನಿಗೆ ವಿವರಿಸುತ್ತ ನಿಂತರೆ ಟಪಾಲು ತೆಗೆಯುವ ಹೊತ್ತು ಮೀರುತ್ತದೆ, ಈಗಾಗಲೇ ಔಷಧಿ ಅಂಗಡಿಯ ಹಿಂದೆ ಅಡ್ವಾನ್ಸ್ ಕೊಟ್ಟಿದ್ದರೆ, ಕೊಟ್ಟಿರಲಾರಳು, ಕೊಟ್ಟಿದ್ದರೂ ಕೊಟ್ಟಿರಬಹುದು, ಇಷ್ಟು ದಿನ ಯಾರು ಕಾಯುತ್ತಾರೆ, ಅಂಚೆ ಡಬ್ಬದ ಬಾಯಿ ಬಿಸಿಲಿಗೆ ಕಾದಿದೆ, ಬೆರಳು ಸುಡುತ್ತದೆ, ಲಕೋಟೆ ಅರ್ಧ ಒಳಗೆ ಅರ್ಧ ಹೊರಗೆ, ಬಿಡು, ಬಿಟ್ಟಳು, ಬಿದ್ದ ಸದ್ದು ಎಷ್ಟು ಸಣ್ಣದು. ಈಗ ತನ್ನದು ಬರೀ ಕೈ. ಅಂದು ಕನ್ನಡಿ ಬಿಟ್ಟು ತಿರುಗಿ ನೋಡಿದ್ದರೆ ಆಗುತ್ತಿತ್ತು, ಬಾರೇ ಎಂದಿದ್ದರೆ ಆಗುತ್ತಿತ್ತು, ಒಂದು ಮಾತು, ಆಗ ಅವಳಿಗೆ ಕೇಳಿಸುತ್ತಿತ್ತು, ಆಗ ಎಲ್ಲ ಕೇಳಿಸುತ್ತಿತ್ತು, ಬಾಚಣಿಗೆ ಕೂದಲಲ್ಲಿ ಇಳಿಯುತ್ತಿದೆ, ಕನ್ನಡಿಯ ಮೂಲೆಯಲ್ಲಿ, ಹೊಸ್ತಿಲಿನಾಚೆ, ಎರಡು ಪಾದ, ಹೆಬ್ಬೆರಳ ಉಗುರು ಕಪ್ಪು, ಬೆರಳುಗಳು ಇನ್ನೂ ಇತ್ತ ಕಡೆಗೇ ತಿರುಗಿವೆ, ಕರೆಯಲೆಂದು ಕಾದ ಹಾಗೆ.