ನೈಜೆಲ್ ಹೊರಗಿದ್ದಾಗ

ಎದ್ದು ಹೋಗಬೇಕಾದವನು ತಾನೇ ಎಂಬುದು ರಸೆಲ್ ಬಾಯಿ ತೆರೆಯುವ ಮೊದಲೇ ನೈಜೆಲನಿಗೆ ಗೊತ್ತಾಗಿತ್ತು. ವೆಂಬ್ಲಿ ಫುಟ್‌ಬಾಲ್ ಮೈದಾನದಲ್ಲಿ ಫೈನಲ್ಲಿನ ಹೆಚ್ಚುವರಿ ಅವಧಿಯ ಆಟವೂ ಮುಗಿಯುತ್ತ ಬಂದಿತ್ತು. ಒಂದು-ಒಂದು ಸಮ. ಎದುರಾಳಿಗಳಿಗೆ ಪೆನಾಲ್ಟಿ ಸಿಕ್ಕಿತ್ತು. ಇದು ಒಳಗೆ ಹೋದರೆ ಅವರ ಊರಿನ ತಂಡ ಹಾರ್ಬೆಕ್ ಟೌನ್ ಮತ್ತೆ ಕೆಳಗಿನ ಡಿವಿಷನ್ನಿನಲ್ಲೇ ಕೊಳೆಯಬೇಕು.

"ಏಳಪ್ಪಾ ಪ್ರೊಫೆಸರ್," ಎಂದ ಅಣ್ಣ ರಸೆಲ್, ಮೈದಾನದಿಂದ ಕಣ್ಣು ಕೀಳದೆ.

"ಈಗಲಾ?"

"ಇನ್ಯಾವಾಗ?"

ನೈಜೆಲ್ ಲಂಡನ್ನಿನ ಕಾಲೇಜೊಂದರಲ್ಲಿ ಸಂಭವನೀಯತೆಯ ಗಣಿತ ಕಲಿಸುತ್ತಾನೆ. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸಂಬಂಧವಿಲ್ಲ ಎಂದು ಹುಡುಗರಿಗೆ ಹೇಳುವುದೇ ಅವನ ಹೊಟ್ಟೆಪಾಡು. ಆದರೆ ಸೆಮಿಫೈನಲ್ಲಿನಲ್ಲಿ ಅವನು ಟೀ ತರಲು ಹೋದಾಗ ಹಾರ್ಬೆಕ್ ಗೋಲು ಹೊಡೆದಿತ್ತು. ಇವತ್ತು ಅಪ್ಪನಿಗೆ ಮಾಂಸದ ಪೈ ತರಲು ಸಾಲಿನಲ್ಲಿ ನಿಂತಿದ್ದಾಗ, ಹಿಂದೆ ಬಿದ್ದಿದ್ದ ಹಾರ್ಬೆಕ್ ಸಮ ಮಾಡಿಕೊಂಡಿತ್ತು.

ಪೈ ಹಿಡಿದು ಬಂದರೆ, ಅಪ್ಪ ಪಕ್ಕದ ಸೀಟಿನ ದಢೂತಿ ಅಪರಿಚಿತನನ್ನು ತಬ್ಬಿಕೊಂಡು ಅಳುತ್ತಿದ್ದ. ಅಮ್ಮನ ಮಣ್ಣಿನಲ್ಲೂ ಅಳದ ಮನುಷ್ಯ. ನೈಜೆಲನಿಗೆ ಆ ದಢೂತಿಯ ಮೇಲೆ ಹೊಟ್ಟೆ ಉರಿಯಿತು. ಅವರ ಮನೆಯ ಗಂಡಸರು ತಬ್ಬಿಕೊಳ್ಳುವುದು ಗೋಲು ಬಿದ್ದಾಗ ಮಾತ್ರ. ಇಷ್ಟು ವರ್ಷಗಳ ಮೇಲೆ ಅವನು ಸೆಮಿಫೈನಲ್ಲಿಗೂ ಇವತ್ತೂ ಬಂದದ್ದು ಅದಕ್ಕೇ. ಆಟಕ್ಕಾಗಿ ಎಂದು ರಸೆಲ್‌ಗೆ ಸುಳ್ಳು ಹೇಳಿದ್ದ.

ಅಪ್ಪನ ಕೊರಳಲ್ಲಿ ಹಳದಿ ಶಾಲು. ತಂಡ ಗೆಲ್ಲಲು ಶುರು ಮಾಡಿದಾಗಿನಿಂದ ಅದಕ್ಕೆ ನೀರು ಸೋಕಿಸಿರಲಿಲ್ಲ.

"ಅಪ್ಪಾ, ನಾನು ಇಲ್ಲೇ ಇರ್ಲಾ?"

ಅಪ್ಪ ಅವನತ್ತ ತಿರುಗಲಿಲ್ಲ. ಮೊಣಕಾಲು ಸರಿಸಿ ದಾರಿ ಬಿಟ್ಟ. "ಬೇಗ ಹೋಗು ಮಗಾ. ಅವನು ಚೆಂಡು ಇಟ್ಟಾಯ್ತು."

ರಸೆಲ್ ಸಾಲಿಗೆಲ್ಲ ವಿಷಯ ಹಬ್ಬಿಸಿದ್ದನೆಂದು ಕಾಣುತ್ತದೆ. ಎಲ್ಲರೂ ಭಕ್ತಿಯಿಂದ ಕಾಲು ಮಡಿಸಿಕೊಂಡರು. ಯಾರೋ ಬಲಿಯ ಕುರಿಯನ್ನು ಸವರಿದ ಹಾಗೆ ಅವನ ಬೆನ್ನು ಸವರಿದರು.

ಕೆಳಗಿನ ಶೌಚಾಲಯ ಖಾಲಿಯಿತ್ತು. ದಾರಿಯ ಗೋಡೆಯಲ್ಲಿದ್ದ ಟಿವಿಯ ಕಡೆ ನೋಡದೆ ಬಂದಿದ್ದ. ನೋಡಿದರೆ ಇದ್ದ ಹಾಗೆ ಲೆಕ್ಕ ಎಂದು ಅವನಿಗೂ ಅನ್ನಿಸತೊಡಗಿತ್ತು. ನಗು ಬಂತು. ನಾಳೆ ತರಗತಿಯಲ್ಲಿ ಹೇಳಲು ಒಳ್ಳೆಯ ಉದಾಹರಣೆ ಅಂದುಕೊಂಡ. ಹೇಳಲಾರೆ ಎಂದೂ ತಿಳಿದಿತ್ತು.

ತಲೆಯ ಮೇಲೆ ಕೂಗು ಎದ್ದಿತು. ಚಾವಣಿ ಅದುರಿತು. ಯಾರ ಕೂಗು? ಕಿವಿಗೊಟ್ಟ. ಹುಟ್ಟಿದೂರಿನ ದನಿ ತನಗೆ ಗುರುತು ಹತ್ತುತ್ತಿಲ್ಲ ಎಂದು ಹೊಳೆದು ಭಯವಾಯಿತು.

ಜೇಬಿನಲ್ಲಿ ಮೊಬೈಲ್ ನಡುಗಿತು. ರಸೆಲ್ ಬರೆದಿದ್ದ: "ನಮ್ಮ ಗೋಲಿ ಹಿಡಿದ. ಇನ್ನು ಪೆನಾಲ್ಟಿ ಶೂಟೌಟ್. ಅಲ್ಲೇ ಇರು, ಅಪ್ಪ ಹೇಳ್ತಿದಾರೆ."

ಖುಷಿಗೆ ಅವನ ತೋಳುಗಳು ತಾವಾಗಿಯೇ ಮೇಲೆದ್ದವು. ಸುತ್ತ ಯಾರೂ ಇರಲಿಲ್ಲ. ಎತ್ತಿದ ಕೈಗಳನ್ನು ಏನಾದರೂ ಮಾಡಬೇಕಲ್ಲ ಎಂದು, ಕೈ ಒಡ್ಡಿದರೆ ತಾನೇ ನೀರು ಬಿಡುವ ನಲ್ಲಿಯ ಕೆಳಗೆ ಹಿಡಿದ. ನೀರು ಬರಲಿಲ್ಲ. ಪಕ್ಕದ ನಲ್ಲಿಗೆ ಹೋದ. ಅದರಲ್ಲೂ ಇಲ್ಲ.

ಮೇಲೆ ಮತ್ತೊಂದು ಕೂಗು ಎದ್ದು ಅಡಗಿತು. ನೈಜೆಲ್ ಕೊನೆಯ ನಲ್ಲಿಯ ಕೆಳಗೆ ಕೈ ಒಡ್ಡಿ, ಇಲ್ಲಿದ್ದೇನೆ ಎಂಬಂತೆ ಬೆರಳುಗಳನ್ನು ಮೆಲ್ಲಗೆ ಆಡಿಸುತ್ತ ನಿಂತ.