ಗುರುತಿಲ್ಲದ ಬುತ್ತಿ

ಮೂಡಲಗಿಯ ಹುಡುಗಿಯರ ಹಾಸ್ಟೆಲಿನ ಮುಂದೆ ಮುಂಜಾನೆಯ ಬಸ್ಸು ನಿಂತರೆ ಶೋಭಾಳ ಕೈಗೆ ಬಿಡುವಿಲ್ಲ. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಈಕೆಯೇ ಹಾಸ್ಟೆಲಿಗೆ ವಾರ್ಡನ್. ಊರೂರಿನ ತಾಯಂದಿರು ಕಂಡಕ್ಟರನ ಕೈಯಲ್ಲಿ ಕಳಿಸಿದ ಬುತ್ತಿಗಂಟುಗಳನ್ನು ಹಂಚುವುದೂ ಇವಳೇ. ಅವುಗಳ ಮೇಲೆ ಹೆಸರು ಬರೆಯುವ ರೂಢಿ ಇಲ್ಲ. ಗಂಟಿಗೆ ಕಟ್ಟಿದ ಗುರುತೇ ವಿಳಾಸ: ನಾಗನೂರಿನದಕ್ಕೆ ಹಸಿರು ಚಿಂದಿ, ಅರಭಾವಿಯದಕ್ಕೆ ಹಳೇ ಸೀರೆಯ ಅಂಚು, ಧುಪದಾಳದಲ್ಲಿ ಕುರಿ ಕಾಯುವವರ ಮಗಳು ಮಾಯಾಳದಕ್ಕೆ ಕರಿ ಉಣ್ಣೆಯ ಎಳೆ.

ಇಲ್ಲಿಗೆ ಬಂದ ಹದಿನಾರು ವರ್ಷದಲ್ಲಿ ಶೋಭಾಳಿಗೆಂದು ಒಂದು ಗಂಟೂ ಬಂದಿರಲಿಲ್ಲ. ಕಳಿಸುವವರೇ ಇಲ್ಲವೆಂದ ಮೇಲೆ ಬಸ್ಸಿನ ಮೇಲೆ ಸಿಟ್ಟಾಗಿ ಏನು ಬಂತು? ಆದರೂ ಸಿಟ್ಟು ಬರುತ್ತಿತ್ತು.

ಆ ಸೋಮವಾರ ಗುರುತೇ ಇಲ್ಲದ ಗಂಟೊಂದು ಉಳಿಯಿತು. ಯಾರದೆಂದು ಕೂಗಿ ಕೇಳಬಹುದಿತ್ತು. ಕೇಳಲಿಲ್ಲ. ಕೋಣೆಗೆ ಒಯ್ದು ಚಿಲಕ ಹಾಕಿ ಬಿಚ್ಚಿದಳು. ಎರಡು ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಚಟ್ನಿಪುಡಿಯಂಥ ಗುರೆಳ್ಳಿನ ಹಿಂಡಿ. ಒಂದು ತುತ್ತಿಗೆಂದು ಮುರಿದವಳು, ಯಾರೋ ತನಗಾಗಿಯೇ ಬಡಿದಿದ್ದಾರೆ ಅಂದುಕೊಂಡು ಕಡೆಯ ಚೂರಿನವರೆಗೂ ತಿಂದಳು. ಹೊಟ್ಟೆ ತುಂಬಿತು, ಅಳುವೂ ಬಂತು.

ಅಷ್ಟರಲ್ಲಿ ಮಾಯಾ ಬಾಗಿಲು ಬಡಿದಳು.

"ಮೇಡಂ, ನಮ್ಮವ್ವನ ಬುತ್ತಿ ಬಂದೈತೇನ್ರಿ?"

"ಇಲ್ಲವಾ, ಬಂದಿಲ್ಲ."

ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು! ಹುಡುಗಿ ಮೆಸ್ಸಿನ ತಣ್ಣನೆಯ ಅನ್ನ ಉಂಡು ಕಾಲೇಜಿಗೆ ಹೋದಳು.

ಮಧ್ಯಾಹ್ನದ ತರಗತಿಯಲ್ಲಿ ಪ್ರೋಟೀನಿನ ಪಾಠ. ಪ್ರತಿವರ್ಷ ಅದಕ್ಕೆ ಬುತ್ತಿಯದೇ ಉದಾಹರಣೆ.

"ಜೀವಕೋಶದಾಗ ರೈಬೋಸೋಮ್ ಅನ್ನೂದು ಒಲಿ ಇದ್ದಂಗ. ಪ್ರೋಟೀನ್ ಅಲ್ಲೇ ತಯಾರಾಗತೈತಿ. ಹೊರಗ ಹೋಗೂ ಪ್ರೋಟೀನಿಗೆ ಮುಂದಿನ ತುದಿಗೇ ಒಂದು ಗುರುತು ಇರತೈತಿ. ಆ ಗುರುತು ನೋಡೇ ಜೀವಕೋಶದ ಒಳಗಿನ ಜಾಲ ಅದನ್ನ ಒಳಗ ಬಿಟಗೋತೈತಿ. ಆಮ್ಯಾಲೆ ಗಾಲ್ಗಿ ಅನ್ನೂ ಜಾಗಾದಾಗ ವಿಂಗಡಣಿ. ಸಣ್ಣ ಚೀಲದಾಗ ತುಂಬಿ ಹೋಗಬೇಕಾದಲ್ಲಿ ಕಳಸೂದು."

ಮಾಯಾ ಎದ್ದು ನಿಂತಳು. "ಗುರುತು ಹರದು ಬಿದ್ರ ಆ ಪ್ರೋಟೀನ್ ಎಲ್ಲಿ ಹೋಗತೈತ್ರಿ?"

ಹುಡುಗಿಗೆ ಯಾವ ಅನುಮಾನವೂ ಇರಲಿಲ್ಲ, ಪಾಠದ್ದೇ ಪ್ರಶ್ನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಶೋಭಾ ತುಟಿ ಒರೆಸಿಕೊಂಡಳು. ಉತ್ತರ ಬಾಯಲ್ಲೇ ಇತ್ತು: ತಯಾರಾದಲ್ಲೇ ಉಳಿಯುತ್ತದೆ, ಸೇರಬೇಕಾದಲ್ಲಿಗೆ ಸೇರುವುದಿಲ್ಲ. ಅಷ್ಟು ಹೇಳಿ ಮುಗಿಸಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಮಕ್ಕಳ ಕಣ್ಣಲ್ಲಿ ಅವಳ ಮಾನವೂ ಉಳಿಯುತ್ತಿತ್ತು.

"ನಿಮ್ಮವ್ವನ ಬುತ್ತಿ ನಾನ ತಿಂದೆ, ಮಾಯಾ," ಅಂದಳು. "ಗುರುತು ಇರಲಿಲ್ಲ. ಯಾರದಂತ ನಾ ಕೇಳಲೂ ಇಲ್ಲ. ನನಗ ಯಾರೂ ಕಳಸೂದಿಲ್ಲವಾ."

ಮಾಯಾ ನಿಂತಲ್ಲಿಂದಲೇ ಕೇಳಿದಳು.

"ಹಿಂಡಿ ಭಾಳ ಖಾರ ಆಗಿತ್ತೇನ್ರಿ, ಮೇಡಂ? ಖಾರ ಹಾಕೂವಾಗ ನಮ್ಮವ್ವ ಕೈ ಹಿಡಿಯೂದ ಇಲ್ಲ."

ಉಂಡದ್ದು ಹೇಗಿತ್ತೆಂದು ಶೋಭಾಳನ್ನು ಯಾರಾದರೂ ಕೇಳಿ ಹದಿನಾರು ವರ್ಷವಾಗಿತ್ತು.

"ಇಲ್ಲವಾ, ಬರೋಬ್ಬರಿ ಆಗಿತ್ತು," ಅಂದಳು, ಬೋರ್ಡಿನ ಕಡೆ ತಿರುಗಿ.