ಕೊನೆಯ ಕಂದಕದ ಆಚೆ

ಪರದೆಯ ಮೇಲಿನ ಪುಟ್ಟ ಲಾಟೀನಿನವನು ಮತ್ತೊಮ್ಮೆ ಕಂದಕಕ್ಕೆ ಬಿದ್ದ. ಅವನ ಕೈಯ ಲಾಟೀನು ಅವನಿಗಿಂತ ಅರೆಕ್ಷಣ ತಡವಾಗಿ ಬಿದ್ದು ಆರಿತು. ಹಾಗೆ ತಡವಾಗಿ ಬೀಳುವಂತೆ ಮಾಡಿದವಳು ತಾನೇ ಎಂಬುದು ಹಿಂದಿನ ಕುರ್ಚಿಯಲ್ಲಿದ್ದ ಮುದುಕಿಗೆ ನೆನಪಾಯಿತು. ಅವಳ ತಂಗಿಯ ಮಗಳು ಕಂಟ್ರೋಲರನ್ನು ಸೋಫಾದ ಮೇಲೆಸೆದು, ಕೆಂಪಾದ ಹೆಬ್ಬೆರಳನ್ನು ಊದಿಕೊಂಡಳು.

"ಇದು ಆಟ ಅಲ್ಲ ದೊಡ್ಡಮ್ಮ, ಕಬ್ಬಿಣದ ಕಡಲೆ. ಆಡೋರ ಮೇಲೆ ನಿಮಗೆ ಏನು ಸಿಟ್ಟಿತ್ತು?"

ಈ ಆಟದ ಒಂದೊಂದು ಹಳ್ಳವನ್ನೂ ಒಂದೊಂದು ಮುಳ್ಳನ್ನೂ ಚೌಕದ ಹಾಳೆಯ ಮೇಲೆ ಬರೆದಿಟ್ಟವಳು ದೊಡ್ಡಮ್ಮನೇ. ತಲೆಗೂದಲು ಇನ್ನೂ ಕಪ್ಪಗಿದ್ದ ಆ ಕಾಲದಲ್ಲಿ ಕಚೇರಿಯವರು ಅವಳಿಗೆ ಮುಳ್ಳಮ್ಮ ಎಂದು ಹೆಸರಿಟ್ಟಿದ್ದರು. ಕಚೇರಿ ಎಂದೋ ಮುಚ್ಚಿತ್ತು, ಹೆಸರಿಟ್ಟವರು ದಿಕ್ಕಿಗೊಬ್ಬರಾಗಿದ್ದರು. ಅವಳ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಈಗ ತಂಗಿಯ ಮಗಳು ಕೆಲಸಕ್ಕಿದ್ದ ಕಂಪನಿ ಆ ಹಳೆಯ ಆಟವನ್ನು ಮತ್ತೆ ಮಾರುಕಟ್ಟೆಗೆ ತರುತ್ತಿತ್ತು. ಎಲ್ಲವೂ ಸಿದ್ಧವಾಗಿ, ಕೊನೆಯ ಹಂತದ ಕೊನೆಯ ಕಂದಕವೊಂದೇ ತಗಾದೆ ತೆಗೆದು ಕುಳಿತಿತ್ತು. ಅದನ್ನು ದಾಟಿದೆನೆಂದು ಹೇಳಿಕೊಂಡ ಆಟಗಾರ ಇಂದಿನವರೆಗೂ ಕಂಪನಿಯವರಿಗೆ ಸಿಕ್ಕಿರಲಿಲ್ಲ. ಕಂದಕದ ಅಗಲವನ್ನು ಒಂದು ಚೌಕದಷ್ಟು ಕಿರಿದು ಮಾಡುತ್ತೇವೆ, ನೀವು ಹ್ಞೂಂ ಎನ್ನಬೇಕು, ಅದೂ ಸಂಜೆಯೊಳಗೆ ಎಂದು ಹುಡುಗಿ ಬೆಳಿಗ್ಗೆಯೇ ಬಂದು ದೊಡ್ಡಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ತನ್ನ ಕಂಪನಿಗೆ ಕರೆತಂದಿದ್ದಳು.

ಏಕೆ ಇಷ್ಟು ಕಷ್ಟ ಎಂದು ಹುಡುಗಿ ಮತ್ತೆ ಕೆದಕಿದಾಗ ಮುಳ್ಳಮ್ಮ ಎಲ್ಲರಿಗೂ ಹೇಳುವ ಕಾರಣಗಳನ್ನೇ ಹೇಳಿದಳು. ಅಂದಿನ ಯಂತ್ರದೊಳಗೆ ಜಾಗವೆಂಬುದು ಅಂಗೈಯಗಲ. ಎಡವದೆ ನಡೆದವನಿಗೆ ಇಡೀ ಆಟ ಊಟ ಮುಗಿಸಿ ಕೈತೊಳೆಯುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಬಾಡಿಗೆಗೆ ಒಯ್ದವರು ಮರುದಿನವೇ ಮುಗಿಸಿ ಹಿಂದಿರುಗಿಸಿದರೆ ಕೊಳ್ಳುವವರು ಯಾರು ಎಂದು ಯಜಮಾನರು ಕೂಗಾಡುತ್ತಿದ್ದರು. ದಾರಿಯನ್ನು ಉದ್ದ ಮಾಡಲಾಗದಿದ್ದರೆ ಮುಳ್ಳನ್ನು ಹೆಚ್ಚು ಮಾಡಬೇಕು, ಅಷ್ಟೇ ಗುಟ್ಟು ಎಂದಳು.

ಗುಟ್ಟು ಅಷ್ಟೇ ಅಲ್ಲವೆಂಬುದು ಅವಳಿಗೆ ಗೊತ್ತಿತ್ತು.

ಅವಳ ಮೇಜಿನ ಎದುರು, ಹಲಗೆಯ ಅಡ್ಡಗೋಡೆಯ ಆಚೆ ಬದಿಯಲ್ಲಿ, ಆಟವನ್ನು ಆಡಿ ಆಡಿ ತಪ್ಪು ಹುಡುಕುವವನೊಬ್ಬ ಕೂರುತ್ತಿದ್ದ. ಹಿಡಿದ ಪಟ್ಟು ಬಿಡದವನೆಂದು ಎಲ್ಲರೂ ಅವನನ್ನು ಉಡ ಎಂದೇ ಕರೆಯುತ್ತಿದ್ದರು. ಅವಳು ಬೆಳಿಗ್ಗೆ ನೆಟ್ಟ ಮುಳ್ಳನ್ನು ಅವನು ಸಂಜೆಗೆ ದಾಟಿರುತ್ತಿದ್ದ. ಅವನ ಆಟವನ್ನು ಅವಳು ಕಣ್ಣಿನಿಂದ ಕಂಡದ್ದಕ್ಕಿಂತ ಕಿವಿಯಿಂದ ಕೇಳಿದ್ದೇ ಹೆಚ್ಚು. ಹಲಗೆಯನ್ನು ಹಾಯ್ದು ಬರುವ ಟಕ್, ಟಕ್, ಟಟಕ್ ಎಂಬ ಸದ್ದು. ಆಮೇಲೆ ಕುರ್ಚಿ ಸರಿಸಿದ ಸಪ್ಪಳ. ಆಮೇಲೆ ಹಲಗೆಯ ಮೇಲೆ ಮೂಡುವ ತಲೆ.

"ಇಷ್ಟೇನಾ ಮುಳ್ಳಮ್ಮನವರೇ? ಅಂಗಾಲಿಗೆ ಕಚಗುಳಿ ಇಟ್ಟ ಹಾಗಾಯ್ತು."

ಮರುದಿನ ಅವಳು ಅದಕ್ಕಿಂತ ಕ್ರೂರವಾದ ಮುಳ್ಳು ನೆಡುತ್ತಿದ್ದಳು, ಆ ತಲೆ ಮತ್ತೆ ಮೂಡಲೆಂದು. ಯಜಮಾನರು ಸಾಕೆಂದರೂ ನಿಲ್ಲಿಸಲಿಲ್ಲ. ಹೀಗೆ ಇಬ್ಬರು ತಮ್ಮತಮ್ಮೊಳಗೆ ಹೂಡಿದ ಪಂದ್ಯಕ್ಕೆ, ಮುಖವನ್ನೇ ಕಾಣದ ಸಾವಿರಾರು ಆಟಗಾರರು ತಮ್ಮ ತಮ್ಮ ಮನೆಗಳಲ್ಲಿ ಕುಳಿತು ಬಿದ್ದು ಸತ್ತರು.

ಆಟವನ್ನು ಒಪ್ಪಿಸುವ ದಿನ ಹತ್ತಿರ ಬಂದಾಗ ಅವಳು ಕೊನೆಯ ಕಂದಕ ತೋಡಿದಳು. ನಡುವೆ ಒಂದೇ ಇಟ್ಟಿಗೆ, ಕಾಲು ತಾಗಿದೊಡನೆ ಉದುರುವಂಥದ್ದು. ಅದರ ಮೇಲೆ ಇಳಿದ ಕ್ಷಣದಲ್ಲೇ ಮತ್ತೆ ಹಾರಬೇಕು. ಆಚೆಯ ದಡದಲ್ಲಿ, ಯಾರಿಗೂ ಹೇಳದೆ, ಒಂದು ಕಲ್ಲುಬೆಂಚು ಇಟ್ಟು ಅದರ ತುದಿಯಲ್ಲಿ ಒಬ್ಬ ಹೆಂಗಸನ್ನು ಕೂರಿಸಿದಳು. ಪಕ್ಕದ ಜಾಗವನ್ನು ಖಾಲಿ ಬಿಟ್ಟಳು. ಬಾಯಿಬಿಟ್ಟು ಆಡಲಾಗದ ಮಾತನ್ನು ಆಡಲು ಅವಳಿಗೆ ಬರುತ್ತಿದ್ದದ್ದು ಆ ಒಂದೇ ಬಗೆ. ದಾಟಿದವನಿಗೆ ಅದು ಕಾಣುತ್ತದೆ, ಕಂಡವನು ಏನಾದರೂ ಹೇಳಿಯೇ ಹೇಳುತ್ತಾನೆ ಎಂದುಕೊಂಡಳು.

ಕೆಳಮಹಡಿಯ ಯಜಮಾನರ ಕೋಣೆಗೆ ಹೋಗಿ ಅವಳು ಹಿಂದಿರುಗುವ ಹೊತ್ತಿಗೆ ಉಡ ಎದ್ದು ನಿಂತಿದ್ದ. ದಾಟಿದೆ ಎಂದ. ಅವನ ಪರದೆಯ ಮೇಲೆ ಆಟದ ಮೊದಲ ಚಿತ್ರ ಬಂದು ನಿಂತಿತ್ತು. ಆಚೆ ಏನಿತ್ತು ಎಂದು ಅವಳು ಕೇಳಿದಳು.

"ಇಟ್ಟವರು ನೀವು. ನೀವೇ ಹೇಳಬೇಕಲ್ವಾ?" ಎಂದು ಅವನು ನಕ್ಕ.

ಆ ನಗು ಅವಳಿಗೆ ಸಿಕ್ಕಿಬಿದ್ದವನ ನಗುವಿನಂತೆ ಕಂಡಿತು. ಕಂಡವನಾಗಿದ್ದರೆ ಹೀಗೆ ಮಾತು ಜಾರಿಸುತ್ತಿದ್ದನೇ? ಹಾಗಾದರೆ ನನ್ನೆದುರು ಇನ್ನೊಂದು ಸಲ ದಾಟಿ ಎಂದಳು. ಅವನ ಮುಖದ ನಗು ಮೆಲ್ಲಗೆ ಇಳಿಯಿತು.

"ನನ್ನ ಮಾತು ಸಾಲದಾ?"

"ಸಾಲದು."

ಅಂದು ಸಂಜೆ ಹಲಗೆಯ ಆಚೆಯಿಂದ ಸದ್ದೇ ಬರಲಿಲ್ಲ. ತಿಂಗಳು ತುಂಬುವ ಮೊದಲು ಅವನು ಬೇರೆ ಊರಿನ ಕೆಲಸ ಹಿಡಿದು ಹೊರಟುಹೋದ. ಎಷ್ಟೋ ವರ್ಷಗಳ ಮೇಲೆ ಅವನು ತೀರಿಕೊಂಡ ಸುದ್ದಿ, ಯಾರದೋ ಬಾಯಿಂದ, ಬೇರೆ ಯಾವುದೋ ಮಾತಿನ ನಡುವೆ, ಅವಳ ಕಿವಿಗೆ ಬಿತ್ತು. ಅವನು ಬೆಂಚನ್ನು ಕಂಡಿದ್ದನೇ, ಇಲ್ಲವೇ? ಸುಳ್ಳಾಡಿದ್ದರೆ ತಾನು ಒಂಟಿಯಾಗಿ ಉಳಿದದ್ದು ಒಳ್ಳೆಯದೇ ಆಯಿತೆಂದು ಸಮಾಧಾನ ಪಡಬಹುದಿತ್ತು. ನಿಜವಾಗಿದ್ದರೆ? ಆ ಪ್ರಶ್ನೆಯ ಕಡೆಗೆ ಅವಳು ಮುಖ ತಿರುಗಿಸಿದ್ದೇ ಇಲ್ಲ.

"ಒಬ್ಬರು ದಾಟಿದ್ದರು," ಎಂದಳು ಈಗ, ಪರದೆಯಿಂದ ಕಣ್ಣು ತೆಗೆಯದೆ.

"ಯಾರು ಹೇಳಿದ್ದು?"

"ಅವರೇ."

"ಹಾಗಾದ್ರೆ ಬುರುಡೆ ಬಿಟ್ಟಿದ್ದಾರೆ ದೊಡ್ಡಮ್ಮ. ನಾವು ಲೆಕ್ಕ ಹಾಕಿ ನೋಡಿದ್ವಿ. ಎರಡು ಸಲ ಒತ್ತೋದರ ನಡುವೆ ಇರೋ ಬಿಡುವಲ್ಲಿ ಮನುಷ್ಯರ ಹೆಬ್ಬೆರಳು ಎದ್ದು ಮತ್ತೆ ಬೀಳೋಕೆ ಆಗೋದೇ ಇಲ್ಲ."

ಆಚೆ ಏನಿದೆ ಎಂದು ಆಟದ ಒಳಗನ್ನು ಬಿಚ್ಚಿ ನೋಡಿದಿರಾ ಎಂದು ಮುಳ್ಳಮ್ಮ ಕೇಳಿದಳು. ಇಲ್ಲವಂತೆ, ಆಡಿಯೇ ನೋಡಬೇಕೆಂದು ಇಲ್ಲಿಯವರ ಹಟವಂತೆ. ಗಾಜಿನ ಗೋಡೆಯ ಆಚೆ ಸಾಲು ಮೇಜುಗಳಲ್ಲಿ ಒಬ್ಬೊಬ್ಬರೂ ಹೆಡ್‌ಫೋನಿನಿಂದ ಕಿವಿ ಮುಚ್ಚಿಕೊಂಡು ತಮ್ಮ ತಮ್ಮ ಪರದೆಗೆ ಮುಖ ಕೊಟ್ಟು ಕುಳಿತಿದ್ದರು. ಹಾಗಾದರೆ ಸುಳ್ಳೇ. ಇಷ್ಟು ವರ್ಷ ಬೇಕೆಂದುಕೊಂಡಿದ್ದ ಉತ್ತರ ಕೈಗೆ ಬಂದಿತ್ತು. ಆದರೆ ಹಗುರವಾಗಬೇಕಾಗಿದ್ದ ಎದೆಯಲ್ಲಿ ಒಂದು ಮಾತು ಮುಳ್ಳಿನಂತೆ ಮುರಿದುಕೊಂಡಿತ್ತು.

ಹೆಬ್ಬೆರಳು.

ಉಡ ಚಹಾದ ಲೋಟವನ್ನು ನಾಲ್ಕು ಬೆರಳುಗಳಲ್ಲಿ ಅಪ್ಪಿ ಹಿಡಿಯುತ್ತಿದ್ದ. ಚಿಕ್ಕಂದಿನಲ್ಲಿ ಮುರಿದು, ಸೊಟ್ಟಗೆ ಕೂಡಿಕೊಂಡ ಅವನ ಬಲಗೈ ಹೆಬ್ಬೆರಳು ಬಾಗುತ್ತಲೇ ಇರಲಿಲ್ಲ. ಲೋಟದ ಪಕ್ಕದಲ್ಲಿ ಗೂಟದಂತೆ ನೆಟ್ಟಗೆ ನಿಂತಿರುತ್ತಿತ್ತು. ಮತ್ತೆ ಆ ಸದ್ದು! ಹುಡುಗಿ ಎರಡು ಕೈಯಲ್ಲಿ ಹಿಡಿದು ಒತ್ತುವಾಗ ಹೊರಡುತ್ತಿದ್ದದ್ದು ಮಂದವಾದ ಪಿಸುಗುಟ್ಟುವಿಕೆ. ಹಲಗೆಯನ್ನು ಹಾಯ್ದು ಬರುತ್ತಿದ್ದದ್ದು ಮರದ ಸದ್ದು. ಕಂಟ್ರೋಲರನ್ನು ಮೇಜಿನ ಮೇಲೆ ಮಲಗಿಸಿ, ಎರಡು ಬೆರಳುಗಳಿಂದ ಒಂದರ ಹಿಂದೆ ಒಂದರಂತೆ ಬಡಿದರೆ ಮಾತ್ರ ಏಳುವಂಥ ಸದ್ದು.

"ಆ ಮೇಜನ್ನ ಇತ್ತ ಎಳಿಯೇ," ಎಂದಳು ಮುಳ್ಳಮ್ಮ.

ಹುಡುಗಿ ಆಟವನ್ನು ಕಂದಕದ ಅಂಚಿಗೇ ತಂದು ನಿಲ್ಲಿಸಿಕೊಟ್ಟಳು. ಬಿದ್ದರೆ ಅಲ್ಲಿಂದಲೇ ಮತ್ತೆ ಶುರು. ಲಾಟೀನಿನವನು ಬಿದ್ದ. ಎದ್ದು ಮತ್ತೆ ಬಿದ್ದ. ಟೈಪಿಂಗ್ ಪರೀಕ್ಷೆಗೆ ಕಟ್ಟಿದ್ದೀರಾ ದೊಡ್ಡಮ್ಮ ಎಂದು ಹುಡುಗಿ ನಕ್ಕಳು, ಆಮೇಲೆ ನಗುವುದನ್ನು ಬಿಟ್ಟಳು. ತನ್ನದೇ ಆಟದ ಮೂರನೆಯ ಹಂತವನ್ನೂ ಎಂದೂ ದಾಟಿದವಳಲ್ಲ ಮುಳ್ಳಮ್ಮ. ಅವಳ ಬೆರಳಿಗೆ ವಯಸ್ಸಾಗಿತ್ತು, ಕಣ್ಣು ಇಟ್ಟಿಗೆಯನ್ನು ತಲುಪುವಷ್ಟರಲ್ಲಿ ಇಟ್ಟಿಗೆ ಉದುರಿರುತ್ತಿತ್ತು. ಕೊನೆಗೆ ಅವಳು ಕಣ್ಣು ಮುಚ್ಚಿದಳು. ಪರದೆಯನ್ನು ಬಿಟ್ಟು ನೆನಪಿನ ಆ ಹಲಗೆಗೆ ಕಿವಿ ಕೊಟ್ಟಳು. ಅವನು ಕುರ್ಚಿಯನ್ನು ಮುಂದೆಳೆದುಕೊಳ್ಳುತ್ತಾನೆ, ಉಸಿರು ಹಿಡಿಯುತ್ತಾನೆ, ಆಮೇಲೆ ಬೆರಳು. ಆ ಸದ್ದು ಬರುವವರೆಗೆ ಬಡಿಯುತ್ತಲೇ ಇದ್ದಳು. ಕಿಟಕಿಯ ಬಿಸಿಲು ನೆಲವನ್ನು ಬಿಟ್ಟು ಗೋಡೆ ಹತ್ತಿತು. ಹೊರಗಿನ ಮೇಜುಗಳು ಒಂದೊಂದಾಗಿ ಬರಿದಾಗತೊಡಗಿದವು.

ಟಕ್, ಟಟಕ್.

ಪಕ್ಕದಲ್ಲಿ ಹುಡುಗಿಯ ಉಸಿರು ನಿಂತದ್ದು ಕೇಳಿ ಅವಳು ಕಣ್ಣು ತೆರೆದಳು. ಲಾಟೀನಿನವನು ಆಚೆಯ ದಡದಲ್ಲಿದ್ದ. ತನ್ನಷ್ಟಕ್ಕೆ ತಾನೇ ಬೆಂಚಿನವರೆಗೆ ನಡೆದು, ಹೆಂಗಸಿನ ಪಕ್ಕದ ಖಾಲಿ ಜಾಗದಲ್ಲಿ ಕುಳಿತು, ಲಾಟೀನನ್ನು ಇಬ್ಬರ ನಡುವೆ ಇಟ್ಟ.

"ಇವರು ಯಾರು ದೊಡ್ಡಮ್ಮ?" ಹುಡುಗಿಯ ದನಿ ತಗ್ಗಿತ್ತು.

"ಅವರು ಸುಳ್ಳು ಹೇಳಿರಲಿಲ್ಲ," ಎಂದಳು ಮುಳ್ಳಮ್ಮ.

ಹುಡುಗಿಗೆ ಅರ್ಥವಾಗಲಿಲ್ಲ. ಆಗುತ್ತದೆಂದು ನೀವೇ ತೋರಿಸಿಬಿಟ್ಟಿರಲ್ಲ, ಕಂದಕ ಇದ್ದಂತೆಯೇ ಇರಲಿ ಎಂದು ಹೇಳಿಬರಲೇ ಎಂದು ಕೇಳಿದಳು.

"ಬೇಡ. ಕಿರಿದು ಮಾಡಿಬಿಡು. ಅದು ಒಬ್ಬರ ಕೈಗೆ ಅಂತ ತೋಡಿದ್ದು."

ಹುಡುಗಿ ಹೊರಗೆ ಹೋದಳು. ಯಾವುದಾದರೂ ಬಟನ್ ಒತ್ತುವವರೆಗೆ ಆ ಚಿತ್ರ ಕದಲುವುದಿಲ್ಲ, ಒತ್ತಿದರೆ ಆಟ ಮೊದಲ ಚಿತ್ರಕ್ಕೆ ಮರಳುತ್ತದೆ. ಹಾಗೆ ಮಾಡಿದ್ದವಳೂ ಮುಳ್ಳಮ್ಮನೇ. ಅಂದು ಮೆಟ್ಟಿಲ ಮೇಲೆ ಅವಳ ಹೆಜ್ಜೆಯ ಸದ್ದು ಕೇಳಿ ಉಡ ಒತ್ತಿರಬೇಕು. ಅವಳು ಎರಡೂ ಬೆರಳುಗಳನ್ನು ಎಲ್ಲಿಗೂ ತಾಗದಂತೆ ಮೆಲ್ಲಗೆ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಪರದೆಯ ಮೇಲೆ ಇಬ್ಬರೂ ಅಲುಗಾಡದೆ ಕುಳಿತಿದ್ದರು. ನಡುವಿನ ದೀಪದ ಕುಡಿ ಮಾತ್ರ, ಎರಡೇ ಎರಡು ಚಿತ್ರಗಳಲ್ಲಿ, ಅತ್ತ ಇತ್ತ ಆಡುತ್ತಿತ್ತು.